ಕಕ್ಕಡದಲ್ಲಿ ಕಂಪ್ಯೂಟರು

ಕೊಡಗಿನಲ್ಲಿ ಕಂಪ್ಯೂಟರ್ ರಿಪೇರಿಗೆ ಓಡಾಡುವ ಹುಡುಗರ ಚೀಲದಲ್ಲಿ ಸ್ಕ್ರೂಡ್ರೈವರ್ ಜೊತೆಗೆ ಶಾಲೆ ಮಕ್ಕಳ ಪೆನ್ಸಿಲ್ ರಬ್ಬರ್ ಒಂದು ಇದ್ದೇ ಇರುತ್ತದೆ. ಜೂನ್ ಕಳೆದು ಮಳೆ ಬಿರುಸಾಗುವ ಕಕ್ಕಡ ತಿಂಗಳು ಹತ್ತಿರವಾದಂತೆ ಅದಕ್ಕೆ ಬಿಡುವಿಲ್ಲ. ತೋಟದ ಆಫೀಸಿನಲ್ಲಿ ಹತ್ತು ಹದಿನೈದು ದಿನ ಯಾರೂ ಮುಟ್ಟದೆ ಬಿಟ್ಟ ಕಂಪ್ಯೂಟರಿನ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಒಳಗಿನಿಂದ ಬೀಪ್, ಬೀಪ್ ಎಂದು ಒಂದೇ ಸಮನೆ ಕೂಗು. ಹುಡುಗ ಬಂದು ಬದಿಯ ತಗಡು ಬಿಚ್ಚುತ್ತಾನೆ. ರ‍್ಯಾಮ್ ಕಿತ್ತು, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಎರಡೂ ಕೊನೆ ಟಕ್ ಎನ್ನುವವರೆಗೆ ಒತ್ತಿ ಕೂರಿಸುತ್ತಾನೆ. ಪರದೆ ಬೆಳಗುತ್ತದೆ.

"ಆಯ್ತಲ್ಲ, ಇನ್ನು ತೊಂದರೆ ಇಲ್ಲ ಅಲ್ವಾ?" ಎಂದು ತೋಟದ ಲೆಕ್ಕ ನೋಡುವ ರೈಟರು ಕೇಳುತ್ತಾರೆ.

"ಮಳೆ ನಿಲ್ಲುವ ತನಕ ಇದು ಹೀಗೇ ರೈಟ್ರೇ. ಇದರ ಒಳಗೆ ಗಾಳಿಯಾಡ್ಲಿಕ್ಕೆ ಜಾಗ ಎಲ್ಲುಂಟು?"

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ರ‍್ಯಾಮಿನ ಹಲ್ಲಿಗೆ ಕೊಟ್ಟ ಚಿನ್ನದ ಲೇಪ ತೀರಾ ತೆಳು. ಅದರ ಕಣ್ಣಿಗೆ ಕಾಣದ ತೂತುಗಳ ಅಡಿಯಲ್ಲಿ ನಿಕ್ಕಲ್ ಇದೆ, ತಾಮ್ರ ಇದೆ. ತೇವ ಅಲ್ಲಿಗೆ ಇಳಿಯುತ್ತದೆ. ಮೇಲೆ ಕೂತ ದೂಳು ಆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಬ್ಬರು ಆ ಪೊರೆಯನ್ನು ತೆಗೆಯುತ್ತದೆ, ಜೊತೆಗೆ ಪ್ರತಿ ಸಲವೂ ಒಂದಿಷ್ಟು ಚಿನ್ನವನ್ನೂ ಸವೆಸುತ್ತದೆ. ಹಾಗಾಗಿ ಅದು ವರ್ಷಕ್ಕೊಮ್ಮೆ ನಡೆಯುವ ಉಪಾಯವೇ ಹೊರತು ವಾರಕ್ಕೊಮ್ಮೆ ಮಾಡುವ ಕೆಲಸವಲ್ಲ. ರೋಗ ಇರುವುದು ಗಾಳಿಯಲ್ಲಿ, ಹುಡುಗ ಹೇಳಿದ್ದು ಸರಿ.

ಕಂಪ್ಯೂಟರ್ ಕ್ಯಾಬಿನೆಟ್ಟಿನ ಗಾಳಿಯ ಬಗ್ಗೆ ಸಿಗುವ ಸಲಹೆಗಳೆಲ್ಲ ಸಾಮಾನ್ಯವಾಗಿ ಸೆಖೆಯ ಊರುಗಳಿಗೆ ಹೊಂದುವಂಥವು. ಫ್ಯಾನು ಹೆಚ್ಚಿಸಿ, ವೇಗ ಹೆಚ್ಚಿಸಿ, ಬಿಸಿಯನ್ನು ಹೇಗಾದರೂ ಹೊರಗೆ ಹಾಕಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಗೆ, ರಾಯಚೂರಿಗೆ ಅದು ಒಪ್ಪುವ ಮಾತು. ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿರುವ ಮಡಿಕೇರಿಯಲ್ಲಿ ಬೇಸಿಗೆಯ ಮಧ್ಯಾಹ್ನವೂ ಅಷ್ಟು ಸೆಖೆ ಇರುವುದಿಲ್ಲ. ಇಲ್ಲಿನ ಕಂಪ್ಯೂಟರಿಗೆ ಬೇಕಾದ ಗಾಳಿಯ ಲೆಕ್ಕವೇ ಬೇರೆ. ವರ್ಷದ ನಾಲ್ಕೈದು ತಿಂಗಳು ಇಲ್ಲಿ ಯಂತ್ರದ ಬಿಸಿ ಶತ್ರುವಲ್ಲ, ಕಾಪಾಡಿಕೊಳ್ಳಬೇಕಾದ ಸೊತ್ತು. ಅದನ್ನು ಪೂರ್ತಿ ಹೊರಗೆ ಎಸೆಯದೆ, ಒಳಗೇ ಕೊಳೆಯಲೂ ಬಿಡದೆ, ಒಂದು ದಾರಿಯಲ್ಲಿ ನಿಧಾನವಾಗಿ ಸಾಗಿಸಬೇಕು.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ಮಳೆಗಾಲದ ಒಂದು ಸಂಜೆ ಕೋಣೆಯ ಗಾಳಿ 22 ಡಿಗ್ರಿ, ತೇವಾಂಶ ಶೇ 95 ಎಂದುಕೊಳ್ಳೋಣ. ಕೊಡಗಿನಲ್ಲಿ ಇದು ಸಾಧಾರಣ ಸಂಜೆ. ಈ ಗಾಳಿ ಇನ್ನೊಂದು ಡಿಗ್ರಿಯಷ್ಟು ತಣ್ಣಗಾದರೆ ಸಾಕು, ಮುಟ್ಟಿದ ವಸ್ತುವಿನ ಮೇಲೆ ಹನಿಗಟ್ಟುತ್ತದೆ. ಅದೇ ಗಾಳಿ ಕ್ಯಾಬಿನೆಟ್ಟಿನೊಳಗೆ ಬಂದು ಎಂಟು ಡಿಗ್ರಿ ಬೆಚ್ಚಗಾದರೆ ಅದರ ತೇವಾಂಶ ಶೇ 60ಕ್ಕೆ ಇಳಿಯುತ್ತದೆ. ನೀರಿನ ಪ್ರಮಾಣ ಒಂದು ಹನಿಯೂ ಕಡಿಮೆಯಾಗಿಲ್ಲ. ಬೆಚ್ಚಗಿನ ಗಾಳಿಗೆ ಹೆಚ್ಚು ಆವಿ ಹೊರುವ ತ್ರಾಣವಿದೆ, ಅಷ್ಟೇ. ಇನ್ನು ಯಾರೋ ಹೇಳಿದರೆಂದು ನಾಲ್ಕೈದು ಫ್ಯಾನು ಜೋಡಿಸಿ ಎಲ್ಲವನ್ನೂ ಪೂರ್ತಿ ವೇಗದಲ್ಲಿ ಓಡಿಸಿದರೆ ಒಳಗಿನ ಗಾಳಿ ಹೊರಗಿಗಿಂತ ಎರಡೇ ಡಿಗ್ರಿ ಬೆಚ್ಚಗಿರುತ್ತದೆ ಎನ್ನೋಣ. ಆಗ ತೇವಾಂಶ ಶೇ 84ರಲ್ಲೇ ನಿಲ್ಲುತ್ತದೆ. ಪತ್ರ ಟೈಪು ಮಾಡುವ, ಕೂಲಿ ಲೆಕ್ಕ ಬರೆಯುವ ಯಂತ್ರಕ್ಕೆ ಆ ಫ್ಯಾನುಗಳು ಮಾಡುವ ಕೆಲಸ ಒಂದೇ: ಮಂಜನ್ನು ಒಳಗೆ ಎಳೆದು ತರುವುದು.

ಹಿಂದಿನ ಫೋಟೋ ಸ್ಟುಡಿಯೋದವರು ಮಳೆಗಾಲದಲ್ಲಿ ಕ್ಯಾಮೆರಾ, ಲೆನ್ಸುಗಳನ್ನು ಇಟ್ಟ ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತಿದ್ದರು. ಬೂಸಲು ಕಟ್ಟದಿರಲು ಅಷ್ಟು ಬಿಸಿ ಸಾಕಾಗುತ್ತಿತ್ತು. ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರು ಸುಮ್ಮನೆ ಚಾಲೂ ಇದ್ದಾಗ ಎಳೆಯುವ ವಿದ್ಯುತ್ತೂ 40-50 ವ್ಯಾಟ್, ಅಂದರೆ ಒಂದು ಹಳೆಯ ಬಲ್ಬಿನಷ್ಟೇ. ಆ ವಿದ್ಯುತ್ತೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ದಿನಕ್ಕೆ ಒಂದೆರಡು ಗಂಟೆ, ಕೆಲಸವಿಲ್ಲದಿದ್ದರೂ, ಯಂತ್ರವನ್ನು ಚಾಲೂ ಮಾಡಿಟ್ಟರೆ ಕಕ್ಕಡದ ತಿಂಗಳಲ್ಲಿ ಅದಕ್ಕಿಂತ ದೊಡ್ಡ ಉಪಚಾರ ಇನ್ನೊಂದಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಹಾಕಿಡುವವರಿದ್ದಾರೆ. ಮುಚ್ಚಿದ ಡಬ್ಬಿಯಲ್ಲಿ ಅದು ಕೆಲಸ ಮಾಡುತ್ತದೆ. ನಾಲ್ಕು ಕಡೆ ತೂತಿರುವ ಕ್ಯಾಬಿನೆಟ್ಟಿನಲ್ಲಿ ಸ್ವಲ್ಪ ಹೊತ್ತಿನಲ್ಲೇ ತೇವ ಕುಡಿದು ತುಂಬಿಹೋಗುತ್ತದೆ.

ತೇವದ ಗಾಳಿ ದೊಡ್ಡವರನ್ನೂ ಬಿಟ್ಟಿಲ್ಲ. ಫೇಸ್‌ಬುಕ್ ಕಂಪನಿ 2011ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಪ್ರೈನ್‌ವಿಲ್ ಎಂಬ ಊರಿನಲ್ಲಿ ತಾನೇ ಕಟ್ಟಿಸಿದ ಮೊದಲ ಡೇಟಾ ಸೆಂಟರ್ ತೆರೆಯಿತು. ಏಸಿ ಯಂತ್ರಗಳ ಬದಲು ಹೊರಗಿನ ಗಾಳಿಯನ್ನೇ ಒಳಗೆ ತಂದು, ನೀರಿನ ತುಂತುರಿನಿಂದ ತಂಪು ಮಾಡಿ ಸರ್ವರ್‌ಗಳ ಮೇಲೆ ಹಾಯಿಸುವ ಏರ್ಪಾಡು ಅಲ್ಲಿತ್ತು. ಆ ವರ್ಷದ ಬೇಸಿಗೆಯಲ್ಲೇ ಕಟ್ಟಡದ ನಿಯಂತ್ರಣ ವ್ಯವಸ್ಥೆ ಎಡವಿತು. ಸರ್ವರ್‌ಗಳಿಂದ ಹೊರಬಂದ ಬಿಸಿ ಗಾಳಿಯೇ ಮತ್ತೆ ಸುತ್ತಿ ಬಂದು, ತುಂತುರು ಸೇರಿಕೊಂಡು, ಸುಮಾರು 27 ಡಿಗ್ರಿಯ, ಶೇ 95 ದಾಟಿದ ತೇವದ ಗಾಳಿಯಾಗಿ ಸಾಲುಗಳ ನಡುವೆ ನುಗ್ಗಿತು. ಸರ್ವರ್‌ಗಳ ಮೇಲೆ ನೀರು ಹನಿಗಟ್ಟಿತು. ಕೆಲವು ತಾವಾಗಿಯೇ ಆಫ್ ಆಗಿ ಆನ್ ಆದವು, ಕೆಲವುಗಳಲ್ಲಿ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೆಟ್ಟುಹೋಯಿತು. ಕಟ್ಟಡದೊಳಗೆ ಮೋಡ ಕವಿದ ಈ ಪ್ರಸಂಗವನ್ನು ಕಂಪನಿಯವರು 2013ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಭಾಗಮಂಡಲದ ಯಾವುದೇ ಮನೆಯಲ್ಲಿ ಜುಲೈ ತಿಂಗಳಲ್ಲಿ ಕಿಟಕಿ ತೆರೆದಿಟ್ಟರೆ ಹೆಚ್ಚು ಕಡಿಮೆ ಅಷ್ಟೇ ತೇವದ ಗಾಳಿ ಒಳಗೆ ಬರುತ್ತದೆ.

ಆದುದರಿಂದ ಮೊದಲ ಪ್ರಶ್ನೆ ಫ್ಯಾನು ಎಷ್ಟು ಎಂಬುದಲ್ಲ, ಕ್ಯಾಬಿನೆಟ್ಟನ್ನು ಎಲ್ಲಿ ಇಡಬೇಕು ಎಂಬುದು.

ನಮ್ಮ ಕಡೆಯ ಕಂಪ್ಯೂಟರ್ ಟೇಬಲ್‌ಗಳಲ್ಲಿ ಬಲಗಡೆ ಅಥವಾ ಎಡಗಡೆ ಕೆಳಗೆ ಒಂದು ಗೂಡು ಇರುತ್ತದೆ. ಜನ ಸಿಪಿಯು ಎಂದು ಕರೆಯುವ ಇಡೀ ಡಬ್ಬಿಯನ್ನು ಅದರೊಳಗೆ ತುರುಕಿಡುವುದು ರೂಢಿ. ಗೂಡಿನ ಹಿಂಭಾಗಕ್ಕೆ ಹಲಗೆ, ಹಲಗೆಯ ಹಿಂದೆ ಗೋಡೆ. ಯಂತ್ರ ಹಿಂದಿನಿಂದ ಬಿಟ್ಟ ಬಿಸಿ ಗಾಳಿ ಹಲಗೆಗೆ ಬಡಿದು, ಪಕ್ಕದಿಂದ ತಿರುಗಿ, ಮತ್ತೆ ಮುಂದಿನಿಂದ ಒಳಗೇ ಹೋಗುತ್ತದೆ. ಪ್ರೈನ್‌ವಿಲ್‌ನಲ್ಲಿ ಆದ ಒಳಸುತ್ತು ಇದೇ, ಸಣ್ಣ ಪ್ರಮಾಣದಲ್ಲಿ. ಗೂಡಿನ ಹಿಂಬದಿ ಹಲಗೆಯನ್ನು ಬಡಗಿಯಿಂದ ಕೊಯ್ಯಿಸಿ ತೆಗೆಸಿದರೆ, ಟೇಬಲನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದರೆ, ಹೊಸ ಫ್ಯಾನು ಹಾಕುವುದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಗೆ ಒರಗಿಸಿ ಇಡುವುದಂತೂ ಬೇಡವೇ ಬೇಡ. ಮಂಜು ನುಗ್ಗುವ ಕಿಟಕಿಯ ಪಕ್ಕವೂ ಬೇಡ. ನೆಲದ ಮೇಲಿಡದೆ ನಾಲ್ಕು ಇಂಚು ಎತ್ತರದ ಮಣೆಯ ಮೇಲೆ ಇಟ್ಟರೆ ನೆಲದ ತಂಪೂ ತಾಗದು, ಗುಡಿಸುವಾಗ ಏಳುವ ದೂಳೂ ಅಷ್ಟು ಸೇರದು.

ಇನ್ನೊಂದು ಅಭ್ಯಾಸ ಪ್ಲಾಸ್ಟಿಕ್ ಹೊದಿಕೆಯದು. ಹೊಸತು ತಂದಾಗ ಪ್ರೀತಿಯಿಂದ ಹೊದಿಸಿದ ಕವರು ಮಳೆಗಾಲದುದ್ದಕ್ಕೂ ಹಾಗೇ ಇರುತ್ತದೆ. ಅದರೊಳಗೆ ಗಾಳಿ ನಿಂತು, ಹಗಲು ರಾತ್ರಿಯ ತಂಪು ಬಿಸಿಯಲ್ಲಿ ತೇವ ಅಲ್ಲಲ್ಲೇ ಕೂರುತ್ತದೆ. ಹೊದಿಸಲೇಬೇಕೆಂದಿದ್ದರೆ ತೆಳ್ಳಗಿನ ಹತ್ತಿ ಬಟ್ಟೆ ವಾಸಿ, ಅದೂ ಯಂತ್ರ ಆರಿ ತಣ್ಣಗಾದ ಮೇಲೆ.

ಜಾಗ ಸರಿಯಾದ ಮೇಲೆ ದಾರಿಯ ಮಾತು. ಮುಂದಿನಿಂದ ಒಳಗೆ, ಹಿಂದಿನಿಂದ ಅಥವಾ ಮೇಲಿನಿಂದ ಹೊರಗೆ ಎಂಬುದು ಇಂದು ಎಲ್ಲರೂ ಒಪ್ಪಿದ ಕ್ರಮ. ಈ ಒಪ್ಪಂದ ಒಂದೇ ದಿನದಲ್ಲಿ ಆದದ್ದಲ್ಲ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ವಿನ್ಯಾಸವನ್ನು ತಂದಾಗ ಎಸ್‌ಎಂಪಿಎಸ್‌ನ ಫ್ಯಾನು ಗಾಳಿಯನ್ನು ಹೊರಗಿನಿಂದ ಎಳೆದು ಒಳಗೆ, ಪ್ರೊಸೆಸರಿನ ಮೇಲೆ ಊದಬೇಕೆಂದಿತ್ತು. ಒಂದೇ ಫ್ಯಾನಿನಲ್ಲಿ ಎರಡು ಕೆಲಸ ಆಗಲಿ ಎಂಬ ಯೋಚನೆ. ಆದರೆ ಎಸ್‌ಎಂಪಿಎಸ್ ತನ್ನದೇ ಬಿಸಿಯನ್ನು ದಾಟಿ ಬಂದ ಗಾಳಿಯನ್ನು ಪ್ರೊಸೆಸರಿಗೆ ಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ದಿಕ್ಕು ತಿರುಗಿ, ಆ ಫ್ಯಾನು ಗಾಳಿಯನ್ನು ಹೊರಹಾಕುವುದೇ ರೂಢಿಯಾಯಿತು. 2004ರ ಹೊತ್ತಿಗೆ ಅದೇ ಕಂಪನಿ ಗಾಳಿ ಮುಂದಿನಿಂದ ಹಿಂದಕ್ಕೆ ನೇರ ಸಾಗುವಂತೆ ಬೋರ್ಡನ್ನೇ ಹೊಸದಾಗಿ ಜೋಡಿಸಿದ ಬಿಟಿಎಕ್ಸ್ ವಿನ್ಯಾಸ ತಂದಿತು, 2006ರಲ್ಲಿ ಕೈಬಿಟ್ಟಿತು. 1993ರ ಮೊದಲ ಪೆಂಟಿಯಂ ಪ್ರೊಸೆಸರಿನ ಬಿಸಿ ಸುಮಾರು 15 ವ್ಯಾಟ್. 2023ರ ಕೋರ್ ಐ9-14900ಕೆ ದುಡಿಮೆಯ ತುದಿಯಲ್ಲಿ 253 ವ್ಯಾಟ್‌ವರೆಗೆ ಎಳೆಯುತ್ತದೆ. ಡಬ್ಬಿಯ ಅಗಲ ಉದ್ದ ಮಾತ್ರ ಹೆಚ್ಚು ಬದಲಾಗಿಲ್ಲ.

ದಾರಿಗೆ ಅಡ್ಡ ಬರುವುದು ಮುಖ್ಯವಾಗಿ ಕೇಬಲ್. ಹಳೆಯ ಹಾರ್ಡ್ ಡಿಸ್ಕುಗಳಿಗೆ ಐದು ಸೆಂಟಿಮೀಟರ್ ಅಗಲದ ಬೂದು ಪಟ್ಟಿ ಕೇಬಲ್ ಇರುತ್ತಿತ್ತು. ಕ್ಯಾಬಿನೆಟ್ಟಿನ ನಡುವೆ ಅದು ಪರದೆಯಂತೆ ಇಳಿಬಿದ್ದು ಗಾಳಿಯನ್ನು ತಡೆಯುತ್ತಿತ್ತು. 2003ರಲ್ಲಿ ಸಾಟಾ ಕೇಬಲ್ ಬಂದ ಮೇಲೆ ಆ ಕಾಟ ತಪ್ಪಿತು. ಕೊಡಗಿನ ಶಾಲೆಗಳಲ್ಲಿ, ಹಳೆ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಪಟ್ಟಿ ಕೇಬಲ್ಲಿನ ಯಂತ್ರ ಉಳಿದಿರಬಹುದು. ಹೊಸ ಯಂತ್ರದಲ್ಲಿ ಎಸ್‌ಎಂಪಿಎಸ್‌ನಿಂದ ಹೊರಟ ವೈರುಗಳ ಗೊಂಚಲೇ ತೊಡಕು. ಬೇಡದ ತುದಿಗಳನ್ನು ಸುತ್ತಿ ಟ್ಯಾಗ್ ಹಾಕಿ ಬದಿಗೆ ಕಟ್ಟಿದರೆ ಮುಂದಿನ ಫ್ಯಾನಿಗೂ ಪ್ರೊಸೆಸರಿಗೂ ನಡುವೆ ಬಯಲು ಸಿಗುತ್ತದೆ.

ಗಾಳಿ ನಿಜವಾಗಿ ಎತ್ತ ಸಾಗುತ್ತಿದೆ ಎಂದು ನೋಡಲು ಉಪಕರಣ ಬೇಕಿಲ್ಲ. ಟಿಶ್ಯೂ ಕಾಗದದ ಒಂದು ಪದರವನ್ನು ಬೆರಳಗಲ ಹರಿದು, ಮೇಲಿನ ತುದಿ ಹಿಡಿದು, ಕ್ಯಾಬಿನೆಟ್ಟಿನ ಮುಂಭಾಗದ ಸಂದಿನ ಎದುರು ತೂಗಬೇಕು. ಎಳೆತವಿದ್ದರೆ ತುದಿ ಜಾಲರಿಗೆ ಅಂಟಿಕೊಳ್ಳುತ್ತದೆ. ಹಿಂದೆ ಹಿಡಿದರೆ ಬಾಲ ಎತ್ತಿ ಹಾರುತ್ತದೆ. ಬದಿಯ ತೂತುಗಳ ಬಳಿ, ಕಾರ್ಡುಗಳ ಖಾಲಿ ಕಿಂಡಿಗಳ ಬಳಿ, ಮೇಲ್ಗಡೆ, ಹೀಗೆ ಸುತ್ತಲೂ ಕಾಗದ ಹಿಡಿಯುತ್ತ ಹೋದರೆ ಅಚ್ಚರಿ ಕಾದಿರುತ್ತದೆ. ಮುಂದೆ ಎಳೆತವೇ ಇಲ್ಲದೆ, ಹಿಂದಿನ ಖಾಲಿ ಕಿಂಡಿಯಿಂದಲೇ ಗಾಳಿ ಒಳಬಂದು ಪಕ್ಕದ ಫ್ಯಾನಿನಿಂದ ಹೊರಹೋಗುವ ಯಂತ್ರಗಳುಂಟು. ಹಾರ್ಡ್ ಡಿಸ್ಕು ಕೂತಿರುವ ಮುಂದಿನ ಮೂಲೆಗೆ ಆ ಗಾಳಿ ಮುಟ್ಟುವುದೇ ಇಲ್ಲ. ಕೆಲವೊಮ್ಮೆ ಕಾರಣ ಸರಳ: ಮುಂದಿನ ಫ್ಯಾನನ್ನು ಯಾರೋ ತಿರುಗಿಸಿ ಜೋಡಿಸಿರುತ್ತಾರೆ. ಫ್ಯಾನಿನ ಯಾವ ಬದಿಯಲ್ಲಿ ಅಡ್ಡಪಟ್ಟಿಗಳ ಚೌಕಟ್ಟು ಇದೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ ಎಂಬುದನ್ನು ನೆನಪಿಟ್ಟರೆ ಈ ತಪ್ಪಾಗದು.

ಎತ್ತರದ ಊರಿಗೆ ಇನ್ನೊಂದು ವಿಶೇಷವಿದೆ. ಒಂದೇ ಉಷ್ಣತೆಯಲ್ಲಿ ಮಡಿಕೇರಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 13ರಷ್ಟು ತೆಳು. ಫ್ಯಾನು ತಳ್ಳುವುದು ಗಾತ್ರವನ್ನು. ಬಿಸಿ ಹೊರುವುದು ಗಾಳಿಯ ತೂಕ. 300 ವ್ಯಾಟ್ ಬಿಸಿಯನ್ನು ಹತ್ತು ಡಿಗ್ರಿ ಏರಿಕೆಯಲ್ಲಿ ಹೊರಸಾಗಿಸಲು ಸಮುದ್ರ ತೀರದಲ್ಲಿ ಸೆಕೆಂಡಿಗೆ 25 ಲೀಟರ್ ಗಾಳಿ ಸಾಕಾದರೆ ಮಡಿಕೇರಿಯಲ್ಲಿ 29 ಲೀಟರ್ ಬೇಕು. ಹಾಗೆಂದು ಮಡಿಕೇರಿಯವರು ಚಿಂತಿಸಬೇಕಿಲ್ಲ. ಒಳಬರುವ ಗಾಳಿಯೇ ಕರಾವಳಿಗಿಂತ ಆರೇಳು ಡಿಗ್ರಿ ತಂಪಾಗಿರುವುದರಿಂದ ನಷ್ಟ ತುಂಬಿ ಬಂದು ಮಿಗುತ್ತದೆ. 50 ವ್ಯಾಟ್‌ನ ಆಫೀಸು ಯಂತ್ರಕ್ಕೆ ಎಂಟು ಡಿಗ್ರಿಯ ಏರಿಕೆಗೆ ಬೇಕಾದದ್ದು ಸೆಕೆಂಡಿಗೆ ಆರು ಲೀಟರ್. 120 ಮಿಲಿಮೀಟರಿನ ಒಂದೇ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕು. ನಾಲ್ಕು ಪಿನ್ನಿನ ಫ್ಯಾನು ಹಾಕಿ, ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಪ್ರೊಸೆಸರ್ 50 ಡಿಗ್ರಿ ಮುಟ್ಟುವವರೆಗೆ ಕಡಿಮೆ ವೇಗ, ಆಮೇಲೆ ಏರುತ್ತ ಹೋಗುವ ವೇಗ ಎಂದು ಹೊಂದಿಸಿಟ್ಟರೆ ಮಳೆಗಾಲಕ್ಕೂ ಬೇಸಿಗೆಗೂ ಅದೇ ನಡೆಯುತ್ತದೆ.

ಮಳೆಯ ಸದ್ದು ಇಲ್ಲಿ ಒಂದು ಮೋಸ ಮಾಡುತ್ತದೆ. ಬೇರಿಂಗ್ ಸವೆದ ಫ್ಯಾನು ಮೊದಲು ಗೊರಗೊರ ಎಂದು ಮುನ್ಸೂಚನೆ ಕೊಡುತ್ತದೆ. ಬಯಲುಸೀಮೆಯ ಕೋಣೆಯಲ್ಲಿ ಅದು ಕೇಳಿಸುತ್ತದೆ. ಶೀಟಿನ ಮಾಡಿನ ಮೇಲೆ ಹಗಲಿರುಳು ಮಳೆ ಬಡಿಯುವಾಗ ಯಾರಿಗೆ ಕೇಳೀತು? ಫ್ಯಾನು ನಿಂತದ್ದು ತಿಳಿಯುವುದು ಯಂತ್ರ ತಾನಾಗಿ ನಿಧಾನವಾದ ಮೇಲೆ, ಇಲ್ಲವೇ ಆಫ್ ಆದ ಮೇಲೆ. ಜೂನ್ ಮೊದಲ ವಾರವೇ ಬಯಾಸ್ ತೆರೆದು ಪ್ರತಿ ಫ್ಯಾನಿನ ಆರ್‌ಪಿಎಂ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿದರೆ, ಆಗಸ್ಟ್‌ನಲ್ಲಿ ಮತ್ತೆ ನೋಡಿ ಹೋಲಿಸಬಹುದು.

ಕರೆಂಟಿನ ಮಾತಂತೂ ಹೇಳಲೇಬೇಕು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತಗಳ ಹೊತ್ತಿನಲ್ಲಿ ಹಲವು ಊರುಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಅಂಥ ವಿಪತ್ತು ಇಲ್ಲದ ವರ್ಷವೂ ಮರ ಬಿದ್ದು ತಂತಿ ತುಂಡಾಗುವುದು ಮಳೆಗಾಲದ ಸಹಜ ಘಟನೆ. ಬಹಳ ದಿನ ತಣ್ಣಗಿದ್ದ ಯಂತ್ರವನ್ನು ಕರೆಂಟು ಬಂದ ಕೂಡಲೇ ಚಾಲೂ ಮಾಡುವುದು ಒಳ್ಳೆಯದಲ್ಲ. ಮೊದಲು ಬದಿಯ ತಗಡು ತೆಗೆದು, ಒಣ ಗಾಳಿ ಬರುವಂತೆ ಮಾಡಿ, ಕೋಣೆ ಬೆಚ್ಚಗಾಗಲು ಕೆಲವು ಗಂಟೆ ಬಿಡಬೇಕು. ಆ ತೆಗೆದ ತಗಡನ್ನು ಮರೆಯದೆ ಮುಚ್ಚಬೇಕು. ಬಿಸಿ ಕಡಿಮೆಯಾಗಲೆಂದು ಬದಿ ತೆರೆದೇ ಇಡುವವರ ಯಂತ್ರದೊಳಗೆ ಮೊದಲ ಮಳೆಯ ರಾತ್ರಿ ಪರದೆಯ ಬೆಳಕಿಗೆ ಮುತ್ತುವ ರೆಕ್ಕೆ ಹುಳುಗಳು ಬೀಳುತ್ತವೆ, ಅವನ್ನು ಹುಡುಕಿ ಹಲ್ಲಿ ಬರುತ್ತದೆ, ಬೆಚ್ಚಗಿನ ಎಸ್‌ಎಂಪಿಎಸ್ ಹತ್ತಿರ ಇರುವೆ ಮೊಟ್ಟೆ ಸಾಗಿಸುತ್ತದೆ. ಬೋರ್ಡಿನ ಎರಡು ಕಾಲುಗಳ ನಡುವೆ ಸತ್ತ ಹಲ್ಲಿಯಿಂದ ಶಾರ್ಟ್ ಆದ ಯುಪಿಎಸ್‌ಗಳು ರಿಪೇರಿ ಅಂಗಡಿಗಳಿಗೆ ಹೊಸತಲ್ಲ. ಉಪಯೋಗಿಸದ ಯುಎಸ್‌ಬಿ ಕಿಂಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು.

ಮಳೆ ಮುಗಿದು ಕಾಫಿ ಕೊಯ್ಲು ಶುರುವಾದರೆ ಶತ್ರು ಬದಲಾಗುತ್ತದೆ, ತೇವದ ಜಾಗಕ್ಕೆ ದೂಳು ಬರುತ್ತದೆ. ಕೊಡಗು ಸಣ್ಣ ಜಿಲ್ಲೆ, ಹವೆಯಲ್ಲಿ ಮಾತ್ರ ಹಲವು. ಭಾಗಮಂಡಲದ ಸುತ್ತ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಪೂರ್ವದ ಕುಶಾಲನಗರಕ್ಕೆ ಇಳಿದರೆ ಅದರ ಕಾಲು ಪಾಲೂ ಇಲ್ಲ. ಕಾಫಿ ಕ್ಯೂರಿಂಗ್ ಕೆಲಸ ಹೆಚ್ಚಾಗಿ ನಡೆಯುವುದೂ ಈ ಒಣ ಬದಿಯಲ್ಲೇ. ಒಣ ಕಾಫಿಯ ಸಿಪ್ಪೆ ಬಿಡಿಸುವಾಗ ಏಳುವ ಹೊಟ್ಟಿನ ದೂಳು ಹಗುರ, ನವಿರು, ಎಲ್ಲಿಗೂ ಹಾರುತ್ತದೆ. ಪ್ರೊಸೆಸರಿನ ಮೇಲಿನ ಹೀಟ್‌ಸಿಂಕಿನ ಅಲ್ಯುಮಿನಿಯಂ ಎಸಳುಗಳ ನಡುವಿನ ಸಂದು ಒಂದೆರಡು ಮಿಲಿಮೀಟರ್. ಫ್ಯಾನು ಬಿಚ್ಚಿ ನೋಡಿದರೆ ಆ ಸಂದುಗಳ ಬಾಯಿಗೆ ಕಂಬಳಿ ತುಂಡಿನಂತೆ ಒತ್ತಾಗಿ ಕೂತ ಬೂದು ಪದರ ಕಾಣುತ್ತದೆ. ಉಗುರಿನಲ್ಲಿ ಎತ್ತಿದರೆ ಇಡಿಯಾಗಿ ಏಳುತ್ತದೆ. ಫ್ಯಾನು ಎಷ್ಟು ಜೋರಾಗಿ ಊದಿದರೂ ಗಾಳಿ ಆ ಪದರಕ್ಕೆ ಬಡಿದು ವಾಪಸಾಗುತ್ತದೆ.

ಇದಕ್ಕೆ ಉಪಾಯ ಫ್ಯಾನುಗಳ ಸಂಖ್ಯೆಯಲ್ಲಿದೆ, ಆದರೆ ಲೆಕ್ಕ ತಿಳಿದು ಹಾಕಬೇಕು. ಒಳಗೆ ಎಳೆಯುವ ಫ್ಯಾನು ಎರಡು, ಹೊರಗೆ ತಳ್ಳುವುದು ಒಂದು ಇದ್ದರೆ ಕ್ಯಾಬಿನೆಟ್ಟಿನ ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚು. ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆಯೇ ಹೊರತು ದೂಳು ಒಳಗೆ ನುಸುಳುವುದಿಲ್ಲ. ಬರುವ ಗಾಳಿಯೆಲ್ಲ ಮುಂದಿನ ಜಾಲರಿ ದಾಟಿಯೇ ಬರಬೇಕು. ಹೊರತಳ್ಳುವ ಫ್ಯಾನೇ ಹೆಚ್ಚಾದರೆ ಯಂತ್ರ ಪ್ರತಿ ತೂತಿನಿಂದಲೂ ದೂಳು ಕುಡಿಯುತ್ತದೆ. ಜಾಲರಿಯನ್ನು ಕೊಯ್ಲಿನ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಬ್ಲೋವರ್ ಹಿಡಿದು ದೂಳು ಹಾರಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆ ಕೆಲಸ ಅಂಗಳದಲ್ಲಿ ಆಗಬೇಕು, ಕೋಣೆಯಲ್ಲಿ ಮಾಡಿದರೆ ಅದೇ ದೂಳು ಸಂಜೆಗೆ ಮತ್ತೆ ಒಳಗೆ.

ನಿಜವಾದ ಬಿಸಿಯ ಪರೀಕ್ಷೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ, ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ, 360 ತಂಡಗಳಿಗೆ ಬೆಳೆಯಿತು. ಅದೇ ತಿಂಗಳುಗಳಲ್ಲಿ ಮದುವೆಗಳೂ ಸಾಲುಸಾಲು. ಪಂದ್ಯದ ವಿಡಿಯೋ ಕತ್ತರಿಸಿ ಜೋಡಿಸುವ, ಮದುವೆಯ ಆಲ್ಬಮ್ ತಯಾರಿಸುವ ಸ್ಟುಡಿಯೋಗಳ ಕಂಪ್ಯೂಟರುಗಳು ಗಂಟೆಗಟ್ಟಲೆ 300 ವ್ಯಾಟ್ ಉಗುಳುತ್ತ ದುಡಿಯುತ್ತವೆ. ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಒಂದು ಗಂಟೆಯ ರೆಂಡರ್ ಒಂದೂಕಾಲು ಗಂಟೆ ಹಿಡಿಯುತ್ತಿದ್ದರೆ ಮಾಲೀಕರು ಹೊಸ ಯಂತ್ರ ಕೊಳ್ಳುವ ಮೊದಲು ಹೀಟ್‌ಸಿಂಕಿನ ಎಸಳುಗಳನ್ನು, ಅದರ ಅಡಿಯ ಬಿಸಿ ದಾಟಿಸುವ, ಒಣಗಿ ಸುಣ್ಣದಂತಾದ ಪೇಸ್ಟನ್ನು ನೋಡಬೇಕು. ಈ ಯಂತ್ರಗಳಿಗೆ ಮೂರನೆಯ, ನಾಲ್ಕನೆಯ ಫ್ಯಾನು ಸಾರ್ಥಕ. ಮೇಲ್ಗಡೆ ಹಿಂಬದಿಗೆ ಹೊರತಳ್ಳುವ ಒಂದು, ಮುಂದೆ ಕೆಳಗೆ ಗ್ರಾಫಿಕ್ಸ್ ಕಾರ್ಡಿಗೆ ನೇರ ಊದುವ ಒಂದು. ಮಳೆ ಬಂದಾಗ ಬಯಾಸ್‌ನಲ್ಲಿ ಅವುಗಳ ವೇಗ ತಗ್ಗಿಸಿದರಾಯಿತು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಯುಪಿಎಸ್‌ಗೂ ಹಗುರ.

ಕೊಳ್ಳುವಾಗಲೇ ಎಚ್ಚರ ವಹಿಸಿದರೆ ಇದರಲ್ಲಿ ಅರ್ಧ ತಲೆನೋವು ಇಲ್ಲ. ಮುಂಭಾಗಕ್ಕೆ ಗಾಜು ಹಾಕಿ, ಒಳಗೆ ಬಣ್ಣದ ದೀಪ ಉರಿಸುವ ಕ್ಯಾಬಿನೆಟ್ಟುಗಳು ಈಗ ಅಂಗಡಿಗಳಲ್ಲಿ ಕಣ್ಣು ಸೆಳೆಯುತ್ತವೆ. ಮಕ್ಕಳು ಅದನ್ನೇ ಕೇಳುತ್ತಾರೆ. ಗಾಜಿನ ಹಿಂದಿರುವ ಮೂರು ಫ್ಯಾನುಗಳಿಗೆ ಗಾಳಿ ಬರಬೇಕಾದದ್ದು ಅಂಚಿನ ಬೆರಳಗಲದ ಸಂದಿನಿಂದ. ಆ ಸಂದಿಗೆ ಎಷ್ಟೋ ಸಲ ಜಾಲರಿಯೂ ಇರುವುದಿಲ್ಲ, ಇದ್ದರೂ ಕಳಚಿ ತೊಳೆಯುವುದು ಕಷ್ಟ. ಅದೇ ಬೆಲೆಗೆ ಮುಂಭಾಗ ಪೂರ್ತಿ ಜಾಲರಿಯಿರುವ, ಕೆಳಗಿನ ಫಿಲ್ಟರನ್ನು ಡ್ರಾಯರಿನಂತೆ ಎಳೆದು ತೆಗೆಯಬಹುದಾದ ಸಾದಾ ಡಬ್ಬಿ ಸಿಗುತ್ತದೆ. ಗೋಣಿಕೊಪ್ಪಲೋ ವಿರಾಜಪೇಟೆಯೋ ಮಡಿಕೇರಿಯೋ, ಅಂಗಡಿಯಲ್ಲಿ ನಿಂತು ಆ ಫಿಲ್ಟರನ್ನು ಕೈಯಿಂದ ಎಳೆದು ತೋರಿಸಲು ಹೇಳಬೇಕು. ಸ್ಕ್ರೂ ಬಿಚ್ಚದೆ ಅದು ಹೊರಬರದಿದ್ದರೆ ಇನ್ನೊಂದು ಕ್ಯಾಬಿನೆಟ್ ಕೇಳುವುದೇ ಸರಿ.